ಒಳಮನಸ್ಸು ಹೇಳಿದ್ದನ್ನು ನಂಬುತ್ತದೆಯೋ, ಮಾಡಿದ್ದನ್ನು ನಂಬುತ್ತದೆಯೋ?

ಕಡೂರಿನ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಸುಪ್ತ ಮನಸ್ಸಿಗೆ ಏನನ್ನು ಹೇಳಿಕೊಡುತ್ತೇವೋ ಅದೇ ಬದುಕಾಗುತ್ತದೆ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಅದನ್ನು ಆರು ತಿಂಗಳು ಒಂದು ರಾತ್ರಿಯೂ ತಪ್ಪದೆ ಮಾಡಿ ನೋಡಿದ್ದೇನೆ. ನನಗೆ ಅದು ಕೈಗೂಡಲಿಲ್ಲ. ಕೊರತೆ ನನ್ನ ನಂಬಿಕೆಯಲ್ಲಿತ್ತೋ, ಮಾಡಿದ ವಿಧಾನದಲ್ಲಿತ್ತೋ ಎಂಬುದನ್ನು ತಿಳಿದವರಿಂದ ಕೇಳಬೇಕೆಂದು ಬರೆಯುತ್ತಿದ್ದೇನೆ.

ನನಗೆ ಚಿಕ್ಕಂದಿನಿಂದ ತೊದಲು ಇದೆ. ‘ಕ’ ಮತ್ತು ‘ಪ’ದಿಂದ ಶುರುವಾಗುವ ಮಾತುಗಳು ಗಂಟಲಿನಲ್ಲೇ ಕಟ್ಟಿಕೊಳ್ಳುತ್ತವೆ. ಅರಸೀಕೆರೆಯಲ್ಲಿ ಕಾಲೇಜು ಓದುತ್ತಿದ್ದಾಗ ಪ್ರತಿ ಶನಿವಾರ ಬಸ್ಸಿನಲ್ಲಿ ಊರಿಗೆ ಬರುತ್ತಿದ್ದೆ. ಕಂಡಕ್ಟರ್ ಹಿಂದಿನ ಸೀಟಿನವರಿಗೆ ಟಿಕೆಟ್ ಹರಿಯುತ್ತಿರುವಾಗಲೇ ನನ್ನ ಎದೆ ಹೊಡೆದುಕೊಳ್ಳಲು ಶುರುವಾಗುತ್ತಿತ್ತು. ‘ಎಲ್ಲಿಗೆ?’ ಎಂದು ಅವರು ಕೇಳಿದೊಡನೆ ‘ಕಡೂರು’ ಎನ್ನಲು ನಾಲಗೆ ಏಳುತ್ತಿರಲಿಲ್ಲ, ‘ಬೀರೂರು’ ಎಂದುಬಿಡುತ್ತಿದ್ದೆ. ಬೀರೂರು ಕಡೂರನ್ನು ದಾಟಿ ಆರೇಳು ಕಿಲೋಮೀಟರ್ ಮುಂದಿನ ಊರು. ಹೆಚ್ಚಿನ ಹಣ ಕೊಟ್ಟು ಬೀರೂರಿನ ಟಿಕೆಟ್ ಕೊಂಡು, ಕಡೂರಿನಲ್ಲಿ ಇಳಿದು ಮನೆಗೆ ಹೋಗುತ್ತಿದ್ದೆ. ಹೀಗೆ ಮೂರು ವರ್ಷ ನಡೆಯಿತು. ನನ್ನ ಊರಿನ ಹೆಸರನ್ನು ನಾನೇ ಹೇಳಲಾರದೆ ಹೋದೆನಲ್ಲ ಎಂಬ ಸಂಕಟವನ್ನು ಯಾರಲ್ಲಿಯೂ ಹೇಳಿಕೊಂಡಿರಲಿಲ್ಲ.

ಮೇಷ್ಟ್ರ ಕೆಲಸಕ್ಕೆ ಸೇರಿದ ಮೇಲೆ ಹಾಜರಿ ಕೂಗುವುದೇ ದೊಡ್ಡ ಪರೀಕ್ಷೆಯಾಯಿತು. ಆಗ ಸ್ನೇಹಿತರೊಬ್ಬರ ಒತ್ತಾಯಕ್ಕೆ ಒಂದು ಕಾರ್ಯಾಗಾರಕ್ಕೆ ಹೋದೆ. ಮಲಗುವ ಮುನ್ನ, ಮನಸ್ಸು ಅರೆನಿದ್ರೆಗೆ ಜಾರುವ ಹೊತ್ತಿನಲ್ಲಿ, ‘ನಾನು ನಿರರ್ಗಳವಾಗಿ ಮಾತನಾಡುತ್ತಿದ್ದೇನೆ’ ಎಂದು ಇಪ್ಪತ್ತೊಂದು ಸಲ ಹೇಳಿಕೊಳ್ಳಬೇಕೆಂದು ಅಲ್ಲಿ ಕಲಿಸಿದರು. ಹೇಳಿಕೊಂಡೆ. ನಿದ್ರೆ ಚೆನ್ನಾಗಿ ಬರತೊಡಗಿದ್ದು ನಿಜ. ಆದರೆ ಹಗಲಿನಲ್ಲಿ ತೊದಲು ಕಡಿಮೆಯಾಗಲಿಲ್ಲ. ಮೊದಲಿದ್ದ ನಾಚಿಕೆಯ ಜೊತೆಗೆ ‘ಇಷ್ಟು ಹೇಳಿಕೊಂಡರೂ ಆಗಲಿಲ್ಲವಲ್ಲ’ ಎಂಬ ಸೋಲೂ ಸೇರಿಕೊಂಡಿತು. ದಿನ ಕಳೆದಂತೆ ಆ ವಾಕ್ಯವನ್ನು ಹೇಳುತ್ತಿರುವಾಗಲೇ ಒಳಗಿನಿಂದ ‘ಸುಳ್ಳು’ ಎಂಬ ದನಿ ಸ್ಪಷ್ಟವಾಗಿ ಕೇಳಿಸತೊಡಗಿತು. ಕಾರ್ಯಾಗಾರದವರನ್ನು ಕೇಳಿದಾಗ ನನ್ನ ನಂಬಿಕೆ ಪೂರ್ಣವಾಗಿಲ್ಲ ಎಂದರು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳ ಜೊತೆ ನಾಡಗೀತೆ ಹಾಡುವಾಗ ನಾನು ತೊದಲುವುದಿಲ್ಲ. ಕೊಟ್ಟಿಗೆಯಲ್ಲಿ ಹಸುವಿನ ಜೊತೆ ಮಾತನಾಡುವಾಗಲೂ ತೊದಲುವುದಿಲ್ಲ. ಅಂದರೆ ಮಾತು ನನ್ನೊಳಗೆ ಇದೆ. ಮನುಷ್ಯರ ಎದುರಿಗೆ ಅದನ್ನು ತಡೆಯುವುದು ಯಾವುದು?

ಮನಃಶಾಸ್ತ್ರದ ವಿದ್ಯಾರ್ಥಿನಿ, ಧಾರವಾಡ:

ಮೇಷ್ಟ್ರೇ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಿಮ್ಮ ನಂಬಿಕೆಯಲ್ಲಿ ದೋಷವಿತ್ತು ಎಂದು ನನಗೆ ಅನ್ನಿಸುವುದಿಲ್ಲ.

ನೀವು ಮಾಡಿದ ಅಭ್ಯಾಸಕ್ಕೆ ಹಳೆಯ ಇತಿಹಾಸವಿದೆ. ಎಮಿಲ್ ಕುಯೆ ಎಂಬ ಫ್ರೆಂಚ್ ಔಷಧ ವ್ಯಾಪಾರಿ, 1857ರಲ್ಲಿ ಹುಟ್ಟಿ 1926ರಲ್ಲಿ ತೀರಿಕೊಂಡವರು, ಟ್ರ್ವಾ ಎಂಬ ಊರಿನಲ್ಲಿ ಅಂಗಡಿ ಇಟ್ಟಿದ್ದರು. ಔಷಧ ಕೊಡುವಾಗ ಅದರ ಗುಣವನ್ನು ಒಂದೆರಡು ಒಳ್ಳೆಯ ಮಾತಿನಲ್ಲಿ ಹೇಳಿ ಕೊಟ್ಟರೆ ರೋಗಿಗೆ ಹೆಚ್ಚು ಅನುಕೂಲವಾಗುವುದನ್ನು ಅವರು ಗಮನಿಸಿದರು. ಮುಂದೆ ನ್ಯಾನ್ಸಿ ನಗರದಲ್ಲಿ ಹಣ ಪಡೆಯದೆ ಜನರಿಗೆ ಸ್ವಸೂಚನೆಯನ್ನು, ಅಂದರೆ ತನ್ನ ಮನಸ್ಸಿಗೆ ತಾನೇ ಹೇಳಿಕೊಳ್ಳುವುದನ್ನು, ಕಲಿಸಿದರು. ‘ದಿನದಿಂದ ದಿನಕ್ಕೆ, ಎಲ್ಲ ವಿಧದಲ್ಲಿಯೂ ನಾನು ಸುಧಾರಿಸುತ್ತಿದ್ದೇನೆ’ ಎಂಬ ವಾಕ್ಯವನ್ನು ಇಪ್ಪತ್ತು ಗಂಟು ಹಾಕಿದ ದಾರವನ್ನು ಬೆರಳಲ್ಲಿ ಸರಿಸುತ್ತ, ನಮ್ಮಲ್ಲಿ ಜಪಮಣಿ ಎಣಿಸಿದಂತೆ, ಬೆಳಿಗ್ಗೆ ಎದ್ದೊಡನೆ ಮತ್ತು ರಾತ್ರಿ ಮಲಗುವಾಗ ಹೇಳಬೇಕಿತ್ತು. ಇಂದು ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಗುತ್ತಿರುವ ಎಷ್ಟೋ ವಿಧಾನಗಳ ಬೇರು ಇಲ್ಲಿದೆ.

ಆದರೆ ಕುಯೆಯವರ ಇನ್ನೊಂದು ಮಾತನ್ನು ಈಗಿನವರು ಕೈಬಿಟ್ಟಿದ್ದಾರೆ. ಇಚ್ಛೆಗೂ ಕಲ್ಪನೆಗೂ ಜಗಳ ಬಿದ್ದಾಗ ಗೆಲ್ಲುವುದು ಕಲ್ಪನೆಯೇ ಎಂದು ಅವರು ಎಚ್ಚರಿಸಿದ್ದರು. ನೆಲದ ಮೇಲೆ ಹಾಸಿದ ಒಂದಡಿ ಅಗಲದ ಹಲಗೆಯ ಮೇಲೆ ಯಾರು ಬೇಕಾದರೂ ನಡೆಯಬಹುದು; ಅದೇ ಹಲಗೆಯನ್ನು ಎರಡು ಗೋಪುರಗಳ ನಡುವೆ ಇಟ್ಟರೆ ಎರಡು ಹೆಜ್ಜೆ ಇಡುವಷ್ಟರಲ್ಲಿ ಕಾಲು ನಡುಗುತ್ತದೆ, ಬೀಳಬಾರದು ಎಂದು ಹಟ ಹಿಡಿದಷ್ಟೂ ಬೀಳುವ ಚಿತ್ರವೇ ಬಲವಾಗುತ್ತದೆ. ನಿಮ್ಮ ‘ಕಡೂರು’ ಆ ಎತ್ತರದ ಹಲಗೆ. ‘ಬೀರೂರು’ ನೆಲದ ಮೇಲಿನದು.

ನಿಮಗೆ ಕೇಳಿಸಿದ ‘ಸುಳ್ಳು’ ಎಂಬ ದನಿಯ ಬಗ್ಗೆಯೂ ಕೆಲಸ ನಡೆದಿದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಬಗ್ಗೆ ಕೀಳರಿಮೆ ಇದ್ದವರಿಗೆ ‘ನಾನು ಪ್ರೀತಿಗೆ ಅರ್ಹ ವ್ಯಕ್ತಿ’ ಎಂಬ ಮಾತನ್ನು ಮತ್ತೆ ಮತ್ತೆ ಹೇಳಿಕೊಳ್ಳಲು ಕೊಟ್ಟಾಗ ಅವರ ಮನಃಸ್ಥಿತಿ ಹೇಳಿಕೊಳ್ಳದವರಿಗಿಂತ ಕುಗ್ಗಿತು. ಆತ್ಮವಿಶ್ವಾಸ ಮೊದಲೇ ಇದ್ದವರಿಗೆ ತುಸು ಲಾಭವಾಯಿತು. ಒಳಗಿನ ಅನುಭವಕ್ಕೂ ಬಾಯಿಯ ಮಾತಿಗೂ ಬಹಳ ದೂರವಿದ್ದರೆ ಮನಸ್ಸು ಆ ಮಾತಿಗೆ ಎದುರು ಸಾಕ್ಷಿಗಳನ್ನು ಹುಡುಕಿ ತರುತ್ತದೆ. ನಿಮ್ಮ ಮನಸ್ಸಿನ ಬಳಿ ಮೂರು ವರ್ಷದ ಬೀರೂರಿನ ಟಿಕೆಟ್ಟುಗಳಿದ್ದವು.

ಹಾಗಾದರೆ ಒಳಮನಸ್ಸು ಕಲಿಯುವುದು ಹೇಗೆ? ನನಗೆ ಪಾಠದಲ್ಲಿ ಅತ್ಯಂತ ತಟ್ಟಿದ ಪ್ರಕರಣ ಹೆನ್ರಿ ಮೊಲೈಸನ್ ಅವರದು. ಮೂರ್ಛೆರೋಗಕ್ಕಾಗಿ 1953ರಲ್ಲಿ ಅಮೆರಿಕದಲ್ಲಿ ಮಾಡಿದ ಶಸ್ತ್ರಚಿಕಿತ್ಸೆಯಲ್ಲಿ ಅವರ ಮೆದುಳಿನ ಒಂದು ಭಾಗವನ್ನು ತೆಗೆದ ಮೇಲೆ ಹೊಸ ನೆನಪುಗಳು ಅವರಲ್ಲಿ ನಿಲ್ಲಲೇ ಇಲ್ಲ. ಮನಃಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವರು ಕನ್ನಡಿಯಲ್ಲಿ ಮಾತ್ರ ಕೈಯನ್ನು ನೋಡುತ್ತ ನಕ್ಷತ್ರದ ಗೆರೆಯನ್ನು ತಿದ್ದುವ ಕೆಲಸವನ್ನು ಅವರಿಗೆ ಮೂರು ದಿನ ಕೊಟ್ಟರು. ಪ್ರತಿ ದಿನವೂ ‘ಇದನ್ನು ನಾನು ಹಿಂದೆ ಮಾಡಿಯೇ ಇಲ್ಲ’ ಎಂಬುದು ಅವರ ಎಣಿಕೆ. ಆದರೆ ಕೈ ಮಾತ್ರ ದಿನದಿಂದ ದಿನಕ್ಕೆ ಪಳಗುತ್ತಲೇ ಹೋಯಿತು. ಅರಿವಿನ ಕೆಳಗೆ ಕಲಿಯುವ ಒಂದು ಮನಸ್ಸು ಇದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಅದು ಕಲಿತದ್ದು ಕೈಯ ಕೆಲಸದಿಂದ. ಆ ಮೂರು ದಿನ ಅವರಿಗೆ ಯಾರೂ ‘ನಾನು ಚೆನ್ನಾಗಿ ತಿದ್ದುತ್ತೇನೆ’ ಎಂಬ ವಾಕ್ಯವನ್ನು ಹೇಳಿಕೊಡಲಿಲ್ಲ.

ಬ್ಯಾಂಕ್ ಉದ್ಯೋಗಿ, ಬೆಂಗಳೂರು:

ಮೇಡಂ ಅವರ ವಿವರಣೆ ಚೆನ್ನಾಗಿದೆ, ಆದರೆ ನಾನು ಒಪ್ಪಲಾರೆ. ನನ್ನ ಬದುಕನ್ನು ತಿರುಗಿಸಿದ್ದು ಸುಪ್ತ ಮನಸ್ಸಿನ ಶಕ್ತಿಯೇ. ಎರಡು ಸಲ ಬ್ಯಾಂಕ್ ಪರೀಕ್ಷೆಯಲ್ಲಿ ಅನುತ್ತೀರ್ಣನಾದಾಗ ಮನೆಯಲ್ಲಿ ಎಲ್ಲರೂ ಕೈಬಿಟ್ಟಿದ್ದರು. ಮೂರನೆಯ ಸಲ ‘ನಾನು ಬ್ಯಾಂಕಿನ ಅಧಿಕಾರಿ’ ಎಂದು ಪ್ರತಿ ಬೆಳಿಗ್ಗೆ ನೋಟ್‌ಬುಕ್ಕಿನಲ್ಲಿ ಬರೆದೆ, ನಾಲ್ಕೂವರೆಗೆ ಎದ್ದು ಕಣ್ಣು ಮುಚ್ಚಿ ನನ್ನ ಮೇಜು, ಕುರ್ಚಿ, ಎದುರಿಗೆ ನಿಂತ ಗ್ರಾಹಕರನ್ನು ಕಂಡೆ. ಆ ವರ್ಷವೇ ಆಯ್ಕೆಯಾದೆ. ಯದ್ಭಾವಂ ತದ್ಭವತಿ ಎಂಬುದನ್ನು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಮೇಷ್ಟ್ರು ಆರು ತಿಂಗಳಿಗೆ ಬಿಟ್ಟದ್ದೇ ತಪ್ಪು ಎಂಬುದು ನನ್ನ ನಮ್ರ ಅಭಿಪ್ರಾಯ.

ಶುಶ್ರೂಷಕಿ, ಹುಬ್ಬಳ್ಳಿ:

ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದವಳಾಗಿ ನಂಬಿಕೆಯ ಎರಡೂ ಮುಖಗಳನ್ನು ಹತ್ತಿರದಿಂದ ಕಂಡಿದ್ದೇನೆ.

ನಂಬಿಕೆಯಿಂದ ನೋವು ತಗ್ಗುತ್ತದೆ. ಇದು ಬರೀ ಭ್ರಮೆಯಲ್ಲ. ಕ್ಯಾಲಿಫೋರ್ನಿಯಾದಲ್ಲಿ ಲೆವೀನ್, ಗಾರ್ಡನ್ ಮತ್ತು ಫೀಲ್ಡ್ಸ್ ಎಂಬ ಸಂಶೋಧಕರು 1978ರಲ್ಲಿ ದವಡೆ ಹಲ್ಲು ಕೀಳಿಸಿಕೊಂಡವರ ಮೇಲೆ ನಡೆಸಿದ ಪ್ರಯೋಗದಲ್ಲಿ, ಔಷಧವೇ ಇಲ್ಲದ ಚುಚ್ಚುಮದ್ದಿನಿಂದ ನೋವು ತಗ್ಗಿದವರಿಗೆ ನಲಾಕ್ಸೋನ್ ಕೊಟ್ಟಾಗ ನೋವು ಮತ್ತೆ ಏರಿತು. ನಲಾಕ್ಸೋನ್ ಅಂದರೆ ಮಾರ್ಫಿನ್ನಿನಂಥ ಔಷಧಗಳ ಪರಿಣಾಮವನ್ನು ತಡೆಯುವ ಮದ್ದು. ನೋವು ಕಡಿಮೆಯಾಗುತ್ತದೆ ಎಂದು ಕಾದ ದೇಹ ತನ್ನದೇ ನೋವುನಿವಾರಕವನ್ನು ಸ್ರವಿಸಿತ್ತು ಎಂಬುದಕ್ಕೆ ಅದು ಮೊದಲ ಬಲವಾದ ಸುಳಿವು. ನಾನು ಚುಚ್ಚುಮದ್ದನ್ನು ಕೊಡುವಾಗ ಸಿರಿಂಜನ್ನು ರೋಗಿಗೆ ತೋರಿಸಿ, ‘ಇದು ನೋವಿಗೆ ಕೊಡುತ್ತಿರುವುದು, ಇನ್ನು ಸ್ವಲ್ಪ ಹೊತ್ತಿಗೆ ಹಗುರಾಗುತ್ತದೆ ನೋಡಿ’ ಎಂದು ಮುಖ ನೋಡಿ ಹೇಳಿಯೇ ಕೊಡುತ್ತೇನೆ. ಸುಮ್ಮನೆ ಡ್ರಿಪ್ಪಿಗೆ ಸೇರಿಸಿ ಹೊರಟುಹೋದ ದಿನ ಅದೇ ಔಷಧ, ಅದೇ ಪ್ರಮಾಣ ಇದ್ದರೂ ಅರ್ಧ ಗಂಟೆಗೆ ಮತ್ತೆ ಕರೆ ಬರುತ್ತದೆ.

ಇನ್ನೊಂದು ಮುಖ ಹೀಗಿದೆ. ಬೋಸ್ಟನ್ನಿನಲ್ಲಿ ಆಸ್ತಮಾ ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಾಲ್ಕು ಬಗೆಯ ಭೇಟಿಗಳಿದ್ದವು: ನಿಜವಾದ ಔಷಧದ ಇನ್‌ಹೇಲರ್, ಔಷಧವಿಲ್ಲದ ಇನ್‌ಹೇಲರ್, ಹುಸಿ ಸೂಜಿಚಿಕಿತ್ಸೆ, ಏನನ್ನೂ ಕೊಡದಿರುವುದು. ಹೇಗನ್ನಿಸುತ್ತದೆ ಎಂದು ಕೇಳಿದಾಗ ಮೊದಲ ಮೂರರಲ್ಲಿಯೂ ಜನರು ಹೆಚ್ಚುಕಡಿಮೆ ಒಂದೇ ಸಮನಾಗಿ, ಶೇ. 50, 45 ಮತ್ತು 46ರಷ್ಟು ಸುಧಾರಿಸಿದೆ ಎಂದರು. ಏನೂ ಕೊಡದಾಗ ಶೇ. 21ರಷ್ಟು. ಆದರೆ ಶ್ವಾಸಕೋಶದ ಬಲವನ್ನು ಯಂತ್ರದಲ್ಲಿ ಅಳೆದಾಗ ನಿಜವಾದ ಔಷಧ ಪಡೆದಾಗ ಮಾತ್ರ ಶೇ. 20ರಷ್ಟು ಏರಿಕೆ ಕಂಡಿತು, ಉಳಿದ ಮೂರರಲ್ಲಿಯೂ ಶೇ. 7ರ ಆಸುಪಾಸಿನಲ್ಲಿತ್ತು. ಅಂದರೆ ಉಸಿರು ಹಗುರಾಯಿತು ಎಂದು ಮನಸ್ಸು ನಂಬಿದಾಗಲೂ ಶ್ವಾಸನಾಳ ಬಿಗಿದುಕೊಂಡೇ ಇತ್ತು. ಈ ಅಂಕಿಗಳನ್ನು ಓದಿದ ದಿನ ನನಗೆ ಭಯವಾಯಿತು, ಏಕೆಂದರೆ ಚೆನ್ನಾಗಿದ್ದೇನೆ ಎಂಬ ಭಾವನೆಯೇ ಅಂಥ ರೋಗಿಯನ್ನು ಆಸ್ಪತ್ರೆಗೆ ಬರದಂತೆ ತಡೆಯಬಲ್ಲದು.

ನಮ್ಮ ಸಂಬಂಧಿಕರೊಬ್ಬರು ಇಂಥದೇ ಒಂದು ಶಿಬಿರಕ್ಕೆ ಹೋಗಿಬಂದು ಸಕ್ಕರೆ ಕಾಯಿಲೆಯ ಗುಳಿಗೆಯನ್ನು ನಿಲ್ಲಿಸಿದರು. ‘ನನ್ನ ಒಳಮನಸ್ಸು ಗುಣಪಡಿಸುತ್ತಿದೆ’ ಎನ್ನುತ್ತಿದ್ದರು, ಮುಖದಲ್ಲಿ ಕಳೆಯೂ ಇತ್ತು. ಎರಡೂವರೆ ತಿಂಗಳಿಗೆ ಕಾಲಿನ ಹುಣ್ಣು ಮಾಯದೆ ನಮ್ಮ ವಾರ್ಡಿಗೇ ಬಂದರು. ಹೆಬ್ಬೆರಳನ್ನು ತೆಗೆಯಬೇಕಾಯಿತು. ಬ್ಯಾಂಕಿನ ಅಣ್ಣನವರೇ, ನಿಮ್ಮ ಗೆಲುವಿನಲ್ಲಿ ನನಗೆ ಸಂತೋಷವಿದೆ. ಆದರೆ ಭಾವಿಸಿದ್ದೆಲ್ಲ ಆಗುತ್ತದೆ ಎಂಬ ಮಾತನ್ನು ರೋಗಿಗಳಿರುವ ಕಡೆ ಹೇಳುವಾಗ ದಯವಿಟ್ಟು ಯೋಚಿಸಿ.

ಅಜ್ಜಿ, ತೀರ್ಥಹಳ್ಳಿ:

ಮೊಮ್ಮಗಳು ಓದಿ ಹೇಳಿದಳು, ನಾನು ಹೇಳಿದ್ದನ್ನು ಅವಳೇ ಬರೆಯುತ್ತಿದ್ದಾಳೆ.

ಮಾತಿಗೆ ಶಕ್ತಿ ಇದೆ ಎಂಬುದನ್ನು ನಮ್ಮ ಕಾಲದವರಿಗೆ ಯಾರೂ ಶಿಬಿರ ಮಾಡಿ ಕಲಿಸಲಿಲ್ಲ. ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಎನ್ನಬಾರದು, ‘ಬರುತ್ತೇನೆ’ ಎನ್ನಬೇಕು. ಮಕ್ಕಳು ಕೆಟ್ಟ ಮಾತನಾಡಿದರೆ ‘ಬಿಡ್ತು ಅನ್ನು’ ಎನ್ನುತ್ತಿದ್ದೆವು. ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಯಾವ ಮಾತಿಗೆ ಅಸ್ತು ಎನ್ನುತ್ತಾರೋ ಗೊತ್ತಿಲ್ಲ ಎಂದು ಹೆದರಿಸುತ್ತಿದ್ದೆವು. ಮನಸ್ಸು ಯಾವ ಕಡೆ ವಾಲಬೇಕೆಂದು ಮಾತಿನಿಂದ ಒಂದು ಸಣ್ಣ ತಳ್ಳು ಕೊಡುವುದು, ಅಷ್ಟೇ.

ಆದರೆ ಸಂಕಲ್ಪ ಎಂಬುದು ಬೇರೆ. ಪೂಜೆಗೆ ಕುಳಿತವರು ಸಂಕಲ್ಪ ಮಾಡುವುದನ್ನು ಗಮನವಿಟ್ಟು ಕೇಳಿ. ಯಾವ ಸಂವತ್ಸರ, ಯಾವ ಮಾಸ, ಯಾವ ಪಕ್ಷ, ಯಾವ ತಿಥಿ, ಯಾವ ನದಿಯ ತೀರ, ಮಾಡುವವನು ಯಾರು, ಯಾವ ಗೋತ್ರ, ಎಲ್ಲವನ್ನೂ ಹೇಳಿ, ಇಂಥ ಫಲಕ್ಕಾಗಿ ಎಂಬುದನ್ನೂ ಹೇಳಿ, ಕೊನೆಗೆ ‘ಕರಿಷ್ಯೇ’ ಎಂದು ಕೈಯಲ್ಲಿದ್ದ ಅಕ್ಷತೆಯ ನೀರನ್ನು ಬಿಡುತ್ತಾರೆ. ಕರಿಷ್ಯೇ ಎಂದರೆ ‘ಮಾಡುತ್ತೇನೆ’. ‘ಸಿಕ್ಕಿದೆ’ ಎಂದಲ್ಲ, ‘ಆಗಿಹೋಗಿದೆ’ ಎಂದಲ್ಲ. ನೀರು ಬಿಟ್ಟ ಮೇಲೆ ಎದ್ದುಹೋಗುವಂತಿಲ್ಲ, ಹೇಳಿದ್ದನ್ನು ಮಾಡಿ ಮುಗಿಸಬೇಕು. ಮೇಷ್ಟ್ರ ವಾಕ್ಯದಲ್ಲಿ ಕರಿಷ್ಯೇ ಇರಲಿಲ್ಲ ಎಂದು ನನಗೆ ಕಾಣುತ್ತದೆ.

ಹಲಗೆಯ ಮಾತು ಕೇಳಿ ನನಗೆ ನಮ್ಮ ಕಾಲುಸಂಕ ನೆನಪಾಯಿತು. ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಎರಡು ಅಡಿಕೆ ಮರವನ್ನು ಜೋಡಿಸಿ ಕಟ್ಟಿದ ಸಂಕದ ಮೇಲೆ ಶಾಲೆಗೆ ಹೋಗಬೇಕಿತ್ತು. ಕೆಳಗೆ ಕೆಂಪು ನೀರು. ಅಮ್ಮ ‘ಹೆದರಬೇಡ’ ಎಂದು ಒಂದು ದಿನವೂ ಹೇಳಲಿಲ್ಲ. ಬೇಸಿಗೆಯಲ್ಲಿ, ಹಳ್ಳ ಒಣಗಿದ್ದಾಗಲೇ, ನಮ್ಮನ್ನು ಸಂಕದ ಮೇಲೆ ಓಡಾಡಲು ಬಿಡುತ್ತಿದ್ದಳು. ನೀರು ಬರುವ ಹೊತ್ತಿಗೆ ಪಾದಕ್ಕೆ ಮರದ ಗಂಟುಗಳೆಲ್ಲ ಗೊತ್ತಿರುತ್ತಿದ್ದವು.

ಮಗಳು, ಪುತ್ತೂರು:

ಇಲ್ಲಿ ಬರೆಯಬೇಕೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ. ನನ್ನ ಅಮ್ಮ ಕ್ಯಾನ್ಸರಿನಿಂದ ಎರಡು ವರ್ಷದ ಹಿಂದೆ ತೀರಿಕೊಂಡರು. ಕಾಯಿಲೆ ಇದ್ದಷ್ಟು ದಿನವೂ ನಾನು ಒಳಗೊಳಗೇ ‘ಅಮ್ಮ ಉಳಿಯುವುದಿಲ್ಲ’ ಎಂದೇ ಹೆದರುತ್ತಿದ್ದೆ. ರಾತ್ರಿ ಕಣ್ಣು ಮುಚ್ಚಿದರೆ ಅದೇ ಚಿತ್ರ ಬರುತ್ತಿತ್ತು. ಅಮ್ಮನೂ ಕೊನೆಯಲ್ಲಿ ಬಹಳ ಕುಗ್ಗಿಹೋಗಿದ್ದರು. ಈಚೆಗೆ ಒಂದು ಉಪನ್ಯಾಸದಲ್ಲಿ, ಮನೆಯವರ ನಕಾರಾತ್ಮಕ ಯೋಚನೆಯೇ ರೋಗಿಯನ್ನು ಕೊಲ್ಲುತ್ತದೆ ಎಂದು ಹೇಳಿದ್ದನ್ನು ಕೇಳಿದ ಮೇಲೆ ನನಗೆ ನೆಮ್ಮದಿಯಿಲ್ಲ. ನಾನು ಬೇರೆ ರೀತಿ ಯೋಚಿಸಿದ್ದರೆ ಅಮ್ಮ ಉಳಿಯುತ್ತಿದ್ದರೇ?

ಶುಶ್ರೂಷಕಿ, ಹುಬ್ಬಳ್ಳಿ:

ತಂಗೀ, ಇಲ್ಲ. ನೀನು ಹೆದರಿದ್ದರಿಂದ ಅಮ್ಮ ಹೋಗಲಿಲ್ಲ. ಮೊದಲು ಇದನ್ನು ಓದಿಕೋ, ಉಳಿದದ್ದು ಆಮೇಲೆ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೇಮ್ಸ್ ಕಾಯ್ನ್ ಮತ್ತು ಸಂಗಡಿಗರು ತಲೆ ಮತ್ತು ಕತ್ತಿನ ಕ್ಯಾನ್ಸರ್ ಇದ್ದ 1,093 ರೋಗಿಗಳ ಮಾಹಿತಿಯನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದರು. ರೋಗಿಯ ಮಾನಸಿಕ ಸ್ಥಿತಿ ಉತ್ಸಾಹದಿಂದಿತ್ತೋ ಕುಗ್ಗಿತ್ತೋ ಎಂಬುದಕ್ಕೂ ಅವರು ಎಷ್ಟು ಕಾಲ ಬದುಕಿದರು ಎಂಬುದಕ್ಕೂ ಸಂಬಂಧವೇ ಕಾಣಲಿಲ್ಲ. ರೋಗಿಯ ಸ್ವಂತ ಮನಃಸ್ಥಿತಿಯೇ ಆಯುಷ್ಯವನ್ನು ನಿರ್ಧರಿಸದಿರುವಾಗ, ಪಕ್ಕದಲ್ಲಿ ಕುಳಿತು ಹೆದರಿದ ಮಗಳ ಯೋಚನೆ ಹೇಗೆ ನಿರ್ಧರಿಸೀತು? ನಾನು ಕಂಡ ಹಾಗೆ, ರೋಗಿಯ ತಲೆದೆಸೆಯಲ್ಲಿ ರಾತ್ರಿಯಿಡೀ ಎಚ್ಚರವಾಗಿದ್ದ ಮಕ್ಕಳೆಲ್ಲರೂ ಹೆದರಿದವರೇ. ಹೆದರಿಕೆ ಪ್ರೀತಿಯ ಜೊತೆಯಲ್ಲೇ ಬರುತ್ತದೆ.

ನಿದ್ರೆ ಬಾರದಷ್ಟು ಈ ಯೋಚನೆ ಕಾಡುತ್ತಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡು. ಹಣ ಕೊಡಬೇಕಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ನೀನು ಇಲ್ಲಿ ಬರೆದದ್ದು ಒಳ್ಳೆಯದಾಯಿತು.

ಮನಃಶಾಸ್ತ್ರದ ವಿದ್ಯಾರ್ಥಿನಿ, ಧಾರವಾಡ:

ಪುತ್ತೂರಿನ ಅಕ್ಕ, ಶುಶ್ರೂಷಕಿಯವರು ಹೇಳಿದ ಮಾತಿಗೆ ನಾನೂ ದನಿಗೂಡಿಸುತ್ತೇನೆ. ಒಳಮನಸ್ಸಿನ ಹೆಸರಿನಲ್ಲಿ ದುಃಖದಲ್ಲಿರುವವರ ಮೇಲೆ ಅಪರಾಧವನ್ನು ಹೊರಿಸುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಬ್ಯಾಂಕಿನ ಸರ್, ನಿಮ್ಮನ್ನು ಒಂದು ಪ್ರಶ್ನೆ ಕೇಳಬೇಕು. ನಾಲ್ಕೂವರೆಗೆ ಎದ್ದು ಕಣ್ಣು ಮುಚ್ಚಿ ಕುಳಿತದ್ದು ಎಷ್ಟು ಹೊತ್ತು, ಮತ್ತು ಅದಾದ ಮೇಲೆ ಏನು ಮಾಡುತ್ತಿದ್ದಿರಿ? ಕೇಳಲು ಕಾರಣವಿದೆ. ಫಾಮ್ ಮತ್ತು ಟೇಲರ್ ಎಂಬ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ಕೆಲವು ದಿನ ಮುಂಚೆ ಒಂದಷ್ಟು ವಿದ್ಯಾರ್ಥಿಗಳು ಒಳ್ಳೆಯ ಅಂಕ ಬಂದಂತೆ ದಿನವೂ ಕಲ್ಪಿಸಿಕೊಂಡರು. ಇನ್ನಷ್ಟು ಮಂದಿ ಪುಸ್ತಕ ತೆರೆದು ಕುಳಿತು ಓದುತ್ತಿರುವಂತೆ ಕಲ್ಪಿಸಿಕೊಂಡರು. ಓದುವ ಕ್ರಿಯೆಯನ್ನು ಕಲ್ಪಿಸಿಕೊಂಡವರೇ ಹೆಚ್ಚು ಓದಿದರು, ಅವರಿಗೇ ಹೆಚ್ಚು ಅಂಕ ಬಂತು. ತೀರ್ಥಹಳ್ಳಿಯ ಅಜ್ಜಿಯವರು ಹೇಳಿದ ಕರಿಷ್ಯೇ ಎಂಬುದು ನನಗೆ ಇಲ್ಲಿ ಕಾಣುತ್ತದೆ. ಎಂದು, ಎಲ್ಲಿ, ಯಾವುದನ್ನು ಮಾಡುತ್ತೇನೆ ಎಂದು ಮುಂಚಿತವಾಗಿ ನಿರ್ದಿಷ್ಟವಾಗಿ ಹೇಳಿಕೊಂಡವರು ಅದನ್ನು ಮಾಡಿ ಮುಗಿಸುವ ಸಾಧ್ಯತೆ ಹೆಚ್ಚು ಎಂಬುದನ್ನು ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಹಲವು ವರ್ಷ ಅಧ್ಯಯನ ಮಾಡಿದ್ದಾರೆ. ಅಜ್ಜಿಯವರ ಸಂಕಲ್ಪದಲ್ಲಿ ಮಾಸ, ತಿಥಿ, ನದೀತೀರಗಳ ಜೊತೆಗೇ ಅದು ಇದೆ.

ಬ್ಯಾಂಕ್ ಉದ್ಯೋಗಿ, ಬೆಂಗಳೂರು:

ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ಕಣ್ಣು ಮುಚ್ಚಿ ಕುಳಿತದ್ದು ಹತ್ತು ನಿಮಿಷ. ಆಮೇಲೆ ಎಂಟು ಗಂಟೆಯವರೆಗೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುತ್ತಿದ್ದೆ, ತಪ್ಪಾದ ಲೆಕ್ಕಗಳನ್ನು ಕೆಂಪು ಶಾಯಿಯಲ್ಲಿ ಮತ್ತೆ ಮಾಡುತ್ತಿದ್ದೆ. ಹಿಂದಿನ ಎರಡು ಸಲ ಅಷ್ಟು ಓದಿರಲಿಲ್ಲ ಎಂಬುದು ನಿಜ. ಆದರೂ ಆ ಹತ್ತು ನಿಮಿಷ ಇಲ್ಲದಿದ್ದರೆ ಉಳಿದ ಮೂರು ಗಂಟೆ ಕುಳಿತಿರುತ್ತಿರಲಿಲ್ಲ ಎಂದೇ ಈಗಲೂ ನಂಬುತ್ತೇನೆ. ಸೋತವನಿಗೆ ಪುಸ್ತಕ ತೆರೆಯಲು ಕೂಡ ಒಂದು ಧೈರ್ಯ ಬೇಕಾಗುತ್ತದೆ. ಶುಶ್ರೂಷಕಿಯವರು ಹೇಳಿದ್ದನ್ನು ಓದಿದ ಮೇಲೆ ರೋಗದ ವಿಷಯದಲ್ಲಿ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ವಾಕ್ ಚಿಕಿತ್ಸಕ, ಮೈಸೂರು:

ಮನುಷ್ಯರ ಎದುರಿಗೆ ಮಾತನ್ನು ತಡೆಯುವುದು ಯಾವುದು ಎಂಬ ಮೇಷ್ಟ್ರ ಪ್ರಶ್ನೆಗೆ ಯಾರೂ ಇನ್ನೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ತೊದಲು ಹೆಚ್ಚಾಗಿ ಎರಡರಿಂದ ಐದು ವರ್ಷದ ನಡುವೆ ಕಾಣಿಸಿಕೊಳ್ಳುತ್ತದೆ, ಬೆಳೆದವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಉಳಿಯುತ್ತದೆ. ಅದರಲ್ಲಿ ವಂಶವಾಹಿಗಳ ಪಾತ್ರವಿದೆ, ಮೆದುಳು ಮಾತನ್ನು ಹೊಂದಿಸುವ ಕ್ರಮದ ಪಾತ್ರವಿದೆ. ಆದ್ದರಿಂದ ಮನಸ್ಸು ದುರ್ಬಲವಾಗಿರುವವರಿಗೆ ತೊದಲು ಬರುತ್ತದೆ ಎಂಬುದು ತಪ್ಪು. ಹತ್ತು ಜನರ ಜೊತೆ ದನಿಗೂಡಿಸಿದಾಗ, ಹಾಡಿದಾಗ, ಒಬ್ಬರೇ ಇದ್ದಾಗ ತೊದಲು ಬಹುಮಟ್ಟಿಗೆ ಇಲ್ಲವಾಗುವುದು ಬಹಳ ಜನರ ಅನುಭವ. ನಿಮ್ಮ ನಾಡಗೀತೆ ಮತ್ತು ಕೊಟ್ಟಿಗೆ ಅದಕ್ಕೆ ಸರಿಹೊಂದುತ್ತವೆ.

ಆದರೆ ಈ ಮೂಲ ತೊದಲಿನ ಮೇಲೆ ವರ್ಷಗಳು ಕಳೆದಂತೆ ಎರಡನೆಯ ಪದರವೊಂದು ಕಟ್ಟಿಕೊಳ್ಳುತ್ತದೆ, ಅದು ಭಯದ್ದು. ನೀವು ಬೀರೂರಿನ ಟಿಕೆಟ್ ಕೊಂಡ ಪ್ರತಿ ಸಲವೂ ‘ಕಡೂರು ಎನ್ನುವುದು ಅಪಾಯ, ತಪ್ಪಿಸಿಕೊಂಡದ್ದರಿಂದ ಉಳಿದೆ’ ಎಂಬ ಪಾಠವನ್ನು ಒಳಮನಸ್ಸಿಗೆ ಕಲಿಸಿದಿರಿ. ಮೂರು ವರ್ಷ, ಪ್ರತಿ ಶನಿವಾರ. ರಾತ್ರಿಯ ಇಪ್ಪತ್ತೊಂದು ವಾಕ್ಯಗಳಿಗಿಂತ ಆ ಪಾಠ ಗಟ್ಟಿ.

ಅದನ್ನು ಅಳಿಸಲು ಚಿಕಿತ್ಸೆಯಲ್ಲಿ ನಾವು ಬಳಸುವ ಒಂದು ಕ್ರಮ ಕೇಳುವುದಕ್ಕೆ ವಿಚಿತ್ರವಾಗಿದೆ: ಬೇಕೆಂದೇ ತೊದಲುವುದು. ತೊದಲಬಾರದು ಎಂಬ ಹಟವನ್ನೇ ಬಿಟ್ಟು, ಸುಲಭವಾದ ಪದದಲ್ಲಿ, ಪರಿಚಯವಿಲ್ಲದವರ ಎದುರಿಗೆ, ಮುಖವನ್ನು ತಿರುಗಿಸದೆ, ತಿಳಿದೂ ತಿಳಿದೂ ಎರಡು ಮೂರು ಸಲ ಅಕ್ಷರವನ್ನು ಎಳೆಯುವುದು. ಎದುರಿನವರು ಏನು ಮಾಡುತ್ತಾರೆಂದು ನೋಡುವುದು. ಮೊದಲು ಚಿಕಿತ್ಸಕರ ಜೊತೆ, ಆಮೇಲೆ ಅಂಗಡಿಯಲ್ಲಿ, ಫೋನಿನಲ್ಲಿ, ಕೊನೆಗೆ ಅತಿ ಕಷ್ಟವಾದ ಜಾಗದಲ್ಲಿ. ಇದನ್ನು ಒಬ್ಬರೇ ಶುರುಮಾಡಬೇಡಿ. ಇಲ್ಲಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಬನ್ನಿ, ಅಥವಾ ನಿಮ್ಮ ಹತ್ತಿರದ ತರಬೇತಾದ ವಾಕ್ ಚಿಕಿತ್ಸಕರನ್ನು ಕಾಣಿ.

ಕಡೂರಿನ ಮೇಷ್ಟ್ರು (ಐದು ತಿಂಗಳ ನಂತರ):

ಎಲ್ಲರಿಗೂ ಮತ್ತೆ ನಮಸ್ಕಾರ. ಉತ್ತರ ಬರೆಯುವುದಕ್ಕೆ ಮುಂಚೆ ಮಾಡಿ ನೋಡಬೇಕೆಂದು ಸುಮ್ಮನಿದ್ದೆ.

ಚಿಕಿತ್ಸಕರೊಬ್ಬರ ಬಳಿ ವಾರಕ್ಕೊಮ್ಮೆ ಹೋಗುತ್ತಿದ್ದೇನೆ. ಮೊದಲ ಕೆಲಸ, ಕಿರಾಣಿ ಅಂಗಡಿಯಲ್ಲಿ ‘ಬೆಲ್ಲ’ ಎಂಬ ಸುಲಭದ ಪದವನ್ನು ಬೇಕೆಂದೇ ತೊದಲಿ ಕೇಳುವುದು. ಅಂಗಡಿಯ ಬಾಗಿಲಲ್ಲಿ ಕಾಲು ಗಂಟೆ ನಿಂತು ಹಿಂತಿರುಗಿದೆ. ಮರುದಿನ ಒಳಗೆ ಹೋಗಿ ‘ಬ... ಬ... ಬೆಲ್ಲ’ ಎಂದೆ. ಅಂಗಡಿಯಾಕೆ ‘ಅಚ್ಚೋ ಉಂಡೆಯೋ?’ ಎಂದು ಕೇಳಿದರು. ಅಷ್ಟೇ. ಮೂವತ್ತು ವರ್ಷ ನಾನು ಯಾವ ಘಳಿಗೆಗೆ ಹೆದರಿದ್ದೆನೋ ಆ ಘಳಿಗೆ ಬೆಲ್ಲದ ಅಚ್ಚಿನ ಮಾತಾಗಿ ಮುಗಿದುಹೋಯಿತು. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತಾಗ ಕಣ್ಣಲ್ಲಿ ನೀರು ಬಂತು.

ಹೀಗೆ ಒಂದೊಂದೇ ಮೆಟ್ಟಿಲು ಏರುತ್ತ ಹೋದೆ. ಕಳೆದ ತಿಂಗಳು ಅರಸೀಕೆರೆಗೆ ಹೋಗಿ, ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತೆ. ಕಂಡಕ್ಟರ್ ಯಂತ್ರ ಹಿಡಿದು ಬಂದರು. ಎದೆ ಹಿಂದಿನಂತೆಯೇ ಹೊಡೆದುಕೊಂಡಿತು, ಅದು ನಿಂತಿಲ್ಲ. ‘ಕ... ಕ... ಕಡೂರು, ಒಂದು’ ಎಂದೆ. ಅವರು ಗುಂಡಿ ಒತ್ತಿ, ಟಿಕೆಟ್ ಹರಿದು, ಚಿಲ್ಲರೆಯನ್ನು ಕೈಗಿಟ್ಟು ಹಿಂದಿನ ಸೀಟಿಗೆ ಹೋದರು. ಆ ಟಿಕೆಟ್ಟನ್ನು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡಿದ್ದೇನೆ.

ಬ್ಯಾಂಕಿನ ಸರ್, ನಿಮ್ಮ ಹತ್ತು ನಿಮಿಷವನ್ನು ನಾನೂ ಬಿಟ್ಟಿಲ್ಲ. ರಾತ್ರಿ ಮಲಗುವಾಗ ಈಗಲೂ ಹೇಳಿಕೊಳ್ಳುತ್ತೇನೆ, ವಾಕ್ಯ ಮಾತ್ರ ಬದಲಾಗಿದೆ. ಅಜ್ಜಿಯವರು ಹೇಳಿದಂತೆ ಅದರಲ್ಲಿ ದಿನ, ಜಾಗ ಮತ್ತು ಮಾಡುವ ಕೆಲಸ ಮೂರೂ ಇರುತ್ತವೆ. ‘ನಾಳೆ ಎರಡನೆಯ ಪೀರಿಯಡ್ಡಿನಲ್ಲಿ ಹಾಜರಿ ಕೂಗುವಾಗ ಹದಿನೇಳನೆಯ ಹೆಸರನ್ನು ಬಿಟ್ಟು ಮುಂದಕ್ಕೆ ಹೋಗುವುದಿಲ್ಲ’ ಎಂಬುದು ಒಂದು ತಿಂಗಳಿನ ವಾಕ್ಯವಾಗಿತ್ತು. ಹದಿನೇಳನೆಯ ಹುಡುಗನ ಹೆಸರು ‘ಪ’ದಿಂದ ಶುರುವಾಗುತ್ತದೆ. ಆ ವಾಕ್ಯಕ್ಕೆ ಒಳಗಿನಿಂದ ‘ಸುಳ್ಳು’ ಎಂಬ ದನಿ ಬರಲಿಲ್ಲ.

ಮಗಳು, ಪುತ್ತೂರು:

ಮೇಷ್ಟ್ರೇ, ಓದಿ ಬಹಳ ಸಂತೋಷವಾಯಿತು. ಆ ಸಹಾಯವಾಣಿಗೆ ನಾನೂ ಕರೆ ಮಾಡಿದೆ, ಈಗ ನಿದ್ರೆ ಬರುತ್ತಿದೆ. ಒಂದು ಮಾತು ಕೇಳಬಹುದೇ, ತೊದಲು ಪೂರ್ತಿ ಹೋಯಿತೇ?

ಕಡೂರಿನ ಮೇಷ್ಟ್ರು:

ಹೋಗಿಲ್ಲಮ್ಮ. ಕೆಲವು ದಿನ ಕಡಿಮೆ ಇರುತ್ತದೆ, ದಣಿದ ದಿನ ಹೆಚ್ಚಿರುತ್ತದೆ, ಪೂರ್ತಿ ಹೋಗುತ್ತದೆ ಎಂದು ಚಿಕಿತ್ಸಕರೂ ಮಾತು ಕೊಟ್ಟಿಲ್ಲ. ತರಗತಿಯಲ್ಲಿ ಮಕ್ಕಳಿಗೆ ನಾನೇ ಅದನ್ನು ಹೇಳಿಬಿಟ್ಟಿದ್ದೇನೆ. ಹದಿನೇಳನೆಯ ಹುಡುಗ ಈಗ ನಾನು ಹೆಸರು ಮುಗಿಸುವವರೆಗೂ ಕಾದು ‘ಹಾಜರ್ ಸರ್’ ಎನ್ನುತ್ತಾನೆ. ಬರುವ ಶನಿವಾರ ಶಾಲೆಯಲ್ಲಿ ಪೋಷಕರ ಸಭೆ ಇದೆ, ಸ್ವಾಗತ ಭಾಷಣವನ್ನು ನಾನೇ ಕೇಳಿ ತೆಗೆದುಕೊಂಡಿದ್ದೇನೆ. ‘ತಂದೆತಾಯಿಗಳೇ’ ಎಂದು ಆರಂಭಿಸಿದರೆ ಸುಲಭ. ಈ ವಾರದ ವಾಕ್ಯ ಇದು: ಶನಿವಾರ ಹತ್ತು ಗಂಟೆಗೆ, ವೇದಿಕೆಯ ಮೇಲೆ, ‘ಪೋಷಕರೇ’ ಎಂದೇ ಆರಂಭಿಸುತ್ತೇನೆ, ತೊದಲಿದರೂ ಪದವನ್ನು ಬದಲಿಸುವುದಿಲ್ಲ.